ಟ್ರ್ಯಾಕ್ಟರ್ ಎಂಜಿನ್ನಿಗೆ ಹೊಗುವ ಕಳ್ಳಗಾಳಿ: ಮೂಲ ಹುಡುಕುವ ಬಗೆ

(ರೈತ ತರಬೇತಿ ಶಿಬಿರದ ಭಾಷಣ)



ಎಣ್ಣೆ ಸೋರಿದರೆ ನೆಲದ ಮೇಲೆ ಕಲೆ ಬೀಳುತ್ತದೆ. ನೀರು ಸೋರಿದರೆ ರೇಡಿಯೇಟರ್ ಬರಿದಾಗುತ್ತದೆ. ಆದರೆ ಎಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುವ ಕೊಳವೆ ಬಿರುಕು ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಇಲ್ಲಿ ಸೋರಿಕೆ ಒಳಮುಖವಾಗಿರುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಈ ದೋಷ ಬೇಗ ಬಯಲಾಗುತ್ತದೆ. ಕಾರ್ಬ್ಯುರೇಟರಿನ ಆಚೆ ಗಾಳಿ ಹೊಕ್ಕರೆ ಇಂಧನದ ಮಿಶ್ರಣ ತೆಳುವಾಗಿ ಎಂಜಿನ್ನು ನಿಧಾನಗತಿಯಲ್ಲಿ ಏರಿಳಿಯುತ್ತದೆ, ಇಲ್ಲವೆ ಬಂದ್ ಬೀಳುತ್ತದೆ. ಹಳೆಯ ಕಾರು, ಜೀಪುಗಳಿಗೆ ನಿರ್ವಾತ ಮಾಪಕ ಜೋಡಿಸಿ ನೋಡುವ ಪದ್ಧತಿಯೂ ಉಂಟು. ಕೈಪಿಡಿಗಳಲ್ಲಿ ಕಾಣುವ ೧೭ರಿಂದ ೨೧ ಇಂಚು ಎಂಬುದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ಧಾರವಾಡ ೭೦೦ ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಮುಳ್ಳು ಎರಡು ಇಂಚು ಕಡಿಮೆ ತೋರಿಸಿದರೆ ಸೋರಿಕೆಯೆಂದು ಎಂಜಿನ್ನು ಬಿಚ್ಚಬೇಕಾಗಿಲ್ಲ.

ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿನ ಮಾತು ಬೇರೆ. ಕಳ್ಳಗಾಳಿ ಹೊಕ್ಕರೂ ಅದರ ಓಟ ಕೆಡುವುದಿಲ್ಲ, ಶಕ್ತಿಯೂ ಕುಂದುವುದಿಲ್ಲ. ಅಪಾಯವಿರುವುದೇ ಇಲ್ಲಿ. ಎರಡೂವರೆ ಲೀಟರ್ ಗಾತ್ರದ ಎಂಜಿನ್ನು ೧೮೦೦ ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು ೨೦೦೦ ಲೀಟರ್ ಗಾಳಿ ಎಳೆಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲದಲ್ಲಿ ಹಿಂಗಾರಿ ಪೀಕು ತೆಗೆದು ಬೇಸಿಗೆಯಲ್ಲಿ ನೇಗಿಲು ಹೂಡಿದಾಗ, ಅಥವಾ ರಾಶಿ ಯಂತ್ರದ ಪಕ್ಕದಲ್ಲಿ ನಿಲ್ಲಿಸಿದಾಗ, ಆ ಗಾಳಿಯಲ್ಲಿ ಎಷ್ಟು ಧೂಳಿರುತ್ತದೆಂಬುದನ್ನು ಒಕ್ಕಲಿಗರಿಗೆ ಹೇಳಬೇಕಾಗಿಲ್ಲ. ಶೋಧಕ ಎಷ್ಟೇ ಚೊಕ್ಕವಾಗಿರಲಿ, ಅದರ ಮುಂದಿನ ರಬ್ಬರ್ ಕೊಳವೆಯಲ್ಲಿ ಬಿರುಕಿದ್ದರೆ ಧೂಳು ನೇರವಾಗಿ ಸಿಲಿಂಡರಿಗೆ ಇಳಿದು, ಎಣ್ಣೆಯೊಡನೆ ಕೂಡಿ ಸಾಣೆಕಲ್ಲಿನಂತೆ ಲೈನರು, ರಿಂಗುಗಳನ್ನು ತೇಯುತ್ತದೆ. ಬ್ರೀದರಿನಿಂದ ಹೊಗೆ ಉಗುಳುವುದು, ಎಂಜಿನ್ ಎಣ್ಣೆ ಬೇಗ ಕಡಿಮೆಯಾಗುವುದು, ಮುಂಜಾನೆ ಚಾಲೂ ಆಗಲು ಸತಾಯಿಸುವುದು ಆಮೇಲಿನ ಲಕ್ಷಣಗಳು. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹೊಸ ಲೈನರು, ರಿಂಗು ಹಾಕಿಸಿ ಹಳೆಯ ಕೊಳವೆಯನ್ನೇ ಮತ್ತೆ ಜೋಡಿಸಿದರೆ ಮಾಡಿದ ಖರ್ಚೆಲ್ಲ ಒಂದೆರಡು ಹಂಗಾಮಿನಲ್ಲಿ ಧೂಳಿನ ಪಾಲು.

ಮೂಲ ಹುಡುಕಲು ದುಬಾರಿ ಸಲಕರಣೆ ಬೇಡ. ಎಂಜಿನ್ನು ನಿಲ್ಲಿಸಿ, ಶೋಧಕದಿಂದ ಎಂಜಿನ್ನಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಒಳಮೈಯನ್ನು ಬಿಳಿ ಅರಿವೆಯಿಂದ ಒರೆಸಬೇಕು. ಎಣ್ಣೆಯ ಶೋಧಕವಿದ್ದಲ್ಲಿ ತುಸು ಜಿಡ್ಡು ಇರುವುದು ಸಹಜ. ಬೆರಳಿನಲ್ಲಿ ಉಜ್ಜಿದಾಗ ಗರಗರ ಎಂದರೆ ಅದು ಮಣ್ಣು. ಮಣ್ಣಿನ ಗೆರೆಯನ್ನು ಶೋಧಕದ ಕಡೆಗೆ ಹಿಂಬಾಲಿಸಿದರೆ ಅದು ಆರಂಭವಾಗುವ ಜಾಗವೇ ಸೋರಿಕೆಯ ಜಾಗ. ಗೆರೆ ಶೋಧಕದ ಬಾಯಿಂದಲೇ ಹೊರಟಿದ್ದರೆ ದೋಷ ಶೋಧಕದ ಒಳಗಿದೆ: ಬಟ್ಟಲಿನಲ್ಲಿ ಎಣ್ಣೆ ಗುರುತಿಗಿಂತ ಕೆಳಗಿದೆ, ಇಲ್ಲವೆ ಒಣ ಶೋಧಕದ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ.

ಎರಡನೆಯದು ಹಲಗೆಯ ಪರೀಕ್ಷೆ. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಶೋಧಕದ ಬಾಯಿಯನ್ನು ರಬ್ಬರ್ ಹೊದಿಸಿದ ಹಲಗೆಯಿಂದ ಮುಚ್ಚಬೇಕು. ದಾರಿ ಭದ್ರವಾಗಿದ್ದರೆ ಎಂಜಿನ್ನು ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತದೆ. ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಉಸಿರಾಡುತ್ತಿದೆ ಎಂದರ್ಥ. ಅಂಗೈ ಇಡಬಾರದು, ಪಂಜೆ, ಟವೆಲ್ ದೂರವಿರಲಿ. ಟರ್ಬೋ ಇರುವ ಟ್ರ್ಯಾಕ್ಟರಿಗೆ ಈ ಪರೀಕ್ಷೆ ಸಲ್ಲದು, ಟರ್ಬೋ ಕೆಟ್ಟೀತು. ಅದರಲ್ಲಿ ಟರ್ಬೋದಿಂದಾಚೆಯ ಗಾಳಿ ಭಾರ ಬಿದ್ದಾಗ ಹೊರಮುಖವಾಗಿಯೇ ಸೋರುತ್ತದೆ. ಧೂಳಿಗೆ ಅಂಜಬೇಕಾದದ್ದು ಶೋಧಕದಿಂದ ಟರ್ಬೋವರೆಗಿನ ಭಾಗಕ್ಕೆ.

ಸಂದು ಯಾವುದೆಂದು ತಿಳಿಯಲು ಊದುಬತ್ತಿ ಸಾಕು. ಫ್ಯಾನಿನ ಗಾಳಿಗೆ ರಟ್ಟು ಅಡ್ಡ ಹಿಡಿದು, ಒಂದೊಂದೇ ಜೋಡಣೆಯ ಸುತ್ತ ಊದುಬತ್ತಿ ಸುಳಿಸಿದರೆ ಸೋರುವಲ್ಲಿ ಹೊಗೆ ಒಳಕ್ಕೆ ಬಾಗುತ್ತದೆ. ಡೀಸೆಲ್ ಜಿನುಗಿದ ಎಂಜಿನ್ನನ್ನು ಮೊದಲು ಒರೆಸಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಿನ ಬಳಿ ಬೆಂಕಿಯ ಕಿಡಿಯೇ ಬೇಡ. ಅಲ್ಲಿ ಬ್ರಶ್ಶಿನಿಂದ ಸಾಬೂನು ನೀರು ಹಚ್ಚಿದರೆ ನೊರೆ ಒಳಕ್ಕೆ ಸೆಳೆದುಹೋಗುವುದು ಕಾಣುತ್ತದೆ. ಸಂದಿಗೆ ಪೆಟ್ರೋಲನ್ನೇ ಚಿಮುಕಿಸಿ ನೋಡುವ ಕೆಲವರ ರೂಢಿ ಬೆಂಕಿ ಅನಾಹುತಕ್ಕೆ ದಾರಿ.

ಕೊಳವೆಯ ಕೆಳಮೈಯನ್ನು ಯಾರೂ ನೋಡುವುದಿಲ್ಲ. ಬಿರುಕು ಹೆಚ್ಚಾಗಿ ಅಲ್ಲಿಯೇ. ಬಿಚ್ಚಿ, ಬಗ್ಗಿಸಿ, ಒಳಗೆ ಬ್ಯಾಟರಿ ಹಿಡಿದು ಕತ್ತಲಲ್ಲಿ ನೋಡಿದರೆ ಬೆಳಕು ಇಣುಕುತ್ತದೆ. ಇನ್ನೊಂದು ಕಡೆ, ಕ್ಲಿಪ್ಪು ಕಳೆದಾಗ ಸುತ್ತಿದ ತಂತಿ. ತಂತಿ ಒಂದೆರಡು ಕಡೆ ಮಾತ್ರ ಕಚ್ಚುತ್ತದೆ, ಉಳಿದೆಡೆ ರಬ್ಬರು ಸಡಿಲವಾಗಿಯೇ ಇರುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಹೊಲದಿಂದ ಮನೆಗೆ ಬರುವಷ್ಟಕ್ಕೆ ಸರಿ, ಹಂಗಾಮಿಗಲ್ಲ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು, ಅದರ ಮೇಲಿನ ಹೀಟರ್ ಪ್ಲಗ್ಗಿನ ತೂತು, ಧೂಳು ಸೂಚಕದ ಸಣ್ಣ ನಳಿಕೆ ಇವನ್ನೂ ಬಿಡಬಾರದು.

ಹೊಸ ಕೊಳವೆ, ಸರಿಯಾದ ಅಳತೆಯ ಕ್ಲಿಪ್ಪು ಹಾಕಿ, ಒಳಮೈಯ ಮಣ್ಣನ್ನು ಪೂರ್ತಿ ಒರೆಸಿ ಜೋಡಿಸಬೇಕು. ಹತ್ತು ತಾಸು ಹೊಲದಲ್ಲಿ ಓಡಿಸಿದ ಮೇಲೆ ಮತ್ತೊಮ್ಮೆ ಬಿಚ್ಚಿ ಬಿಳಿ ಅರಿವೆ ಆಡಿಸಿ ನೋಡಬೇಕು.