ನಮ್ಮಲ್ಲಿ ತಯಾರಾಗದ ಸರಕಿನ ಮೇಲಣ ಆಮದು ಸುಂಕ



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದು ನಮ್ಮ ನಾಡಿನ ಹಳೆಯ ಗಾದೆ. ಕನ್ನಡದ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಎತ್ತಿನ ಮೇಲಣ ಹೇರು ಹೋಗಿ ಹಡಗೂ ವಿಮಾನವೂ ಬಂದವು. ಸುಂಕದ ಕಟ್ಟೆ ಮಾತ್ರ ಹಾಗೆಯೇ ನಿಂತಿದೆ. ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಆ ಕಟ್ಟೆಗೆ ಸಂಬಂಧಪಟ್ಟ ಒಂದೇ ಒಂದು ಪ್ರಶ್ನೆಯನ್ನು. ನಮ್ಮ ದೇಶದಲ್ಲಿ ಬೆಳೆಯದ, ತಯಾರಾಗದ ಪದಾರ್ಥವು ಹೊರಗಿನಿಂದ ಬಂದಾಗ ಅದರ ಮೇಲೆ ಸುಂಕ ಹಾಕುವುದು ನ್ಯಾಯವೆ? ಅದನ್ನು ಪೂರ್ತಿಯಾಗಿ ತೆಗೆದುಹಾಕಬಾರದೇಕೆ?

ಆಮದು ಸುಂಕವನ್ನು ಹಾಕುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಒಂದು, ಬೊಕ್ಕಸಕ್ಕೆ ಹಣ ಕೂಡಿಸುವುದು. ಇನ್ನೊಂದು, ಪರದೇಶದ ಅಗ್ಗದ ಸರಕಿನ ಪೈಪೋಟಿಯಿಂದ ಸ್ವದೇಶದ ಕೈಗಾರಿಕೆಯನ್ನೂ ಬೇಸಾಯವನ್ನೂ ಕಾಪಾಡುವುದು. ಮೊದಲನೆಯದು ಆದಾಯದ ಸುಂಕ, ಎರಡನೆಯದು ರಕ್ಷಕ ಸುಂಕ. ರಕ್ಷಕ ಸುಂಕವು ಹೊಲಕ್ಕೆ ಕಟ್ಟಿದ ಬೇಲಿಯಂತೆ. ಬೆಳೆಯಿದ್ದಲ್ಲಿ ಬೇಲಿ ಬೇಕು. ಬೆಳೆಯೇ ಇಲ್ಲದ ಬಯಲಿಗೆ ಬೇಲಿ ಕಟ್ಟಿದರೆ ದಾರಿಹೋಕರ ಕಾಲಿಗೆ ಮುಳ್ಳು ಚುಚ್ಚುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಈ ತತ್ತ್ವವು ನಮಗೆ ಹೊಸದೂ ಅಲ್ಲ. ಸರ್ ಇಬ್ರಾಹಿಂ ರಹಿಮ್ತುಲ್ಲಾ ಅವರ ಅಧ್ಯಕ್ಷತೆಯಲ್ಲಿ 1921ರಲ್ಲಿ ನೇಮಕವಾಗಿ 1922ರಲ್ಲಿ ವರದಿಯನ್ನೊಪ್ಪಿಸಿದ ಫಿಸ್ಕಲ್ ಕಮಿಷನ್ನು, ಕೈಗಾರಿಕೆಗಳಿಗೆ ವಿವೇಚನೆಯಿಂದ ರಕ್ಷಣೆ ಕೊಡಬೇಕೆಂದು ಹೇಳಿದಾಗಲೇ, ಕಚ್ಚಾ ಸಾಮಗ್ರಿಯನ್ನೂ ಯಂತ್ರಗಳನ್ನೂ ಸಾಮಾನ್ಯವಾಗಿ ಸುಂಕವಿಲ್ಲದೆ ಒಳಗೆ ಬಿಡಬೇಕೆಂದೂ ಹೇಳಿತ್ತು.

ಹಾಗಾದರೆ ಇಂಥ ಸರಕಿನ ಮೇಲಣ ಸುಂಕಕ್ಕೆ ಉಳಿಯುವ ಸಮರ್ಥನೆ ಬೊಕ್ಕಸದ್ದೊಂದೇ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1990-91ರಲ್ಲಿ ಕೇಂದ್ರ ಸರ್ಕಾರದ ಒಟ್ಟು ತೆರಿಗೆಯ ಉತ್ಪನ್ನದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸುಂಕದ ಕಟ್ಟೆಗಳಿಂದಲೇ ಬರುತ್ತಿತ್ತು. ಆದರೆ 2023-24ರ ವೇಳೆಗೆ ಆ ಪಾಲು ಹತ್ತನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿದಿತ್ತು. ವರಮಾನ ತೆರಿಗೆಯೂ, 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯೂ ಆ ಭಾರವನ್ನು ಹೊತ್ತುಕೊಂಡಿವೆ. ಆಮದಾದ ಸರಕು ಸುಂಕದ ಮೇಲೆ ಈ ಸೇವಾ ತೆರಿಗೆಯನ್ನೂ ಸ್ವದೇಶದ ಸರಕಿನಂತೆಯೇ ತೆರಬೇಕು. ನಾವು ಬಿಡಬಹುದೆಂದು ಹೇಳುತ್ತಿರುವುದು ಸುಂಕವನ್ನು, ಈ ತೆರಿಗೆಯನ್ನಲ್ಲ.

ಸುಂಕವನ್ನು ಕೊನೆಗೆ ತೆರುವವರು ಯಾರೆಂಬುದನ್ನೂ ನೋಡೋಣ. ನೂರು ರೂಪಾಯಿ ಬೆಲೆಯ ಒಂದು ಯಂತ್ರದ ಭಾಗವು ಬಂದರಿಗೆ ಬಂದಿತೆನ್ನಿ. ಶೇಕಡಾ 10ರ ಸುಂಕ ಸೇರಿ ಅದು ನೂರಹತ್ತಾಯಿತು. ಆ ನೂರಹತ್ತರ ಮೇಲೆ ಶೇಕಡಾ 18ರ ತೆರಿಗೆ ಸೇರಿದರೆ 129 ರೂಪಾಯಿ 80 ಪೈಸೆ. ಸುಂಕವಿಲ್ಲದಿದ್ದರೆ ಅದು 118 ರೂಪಾಯಿಗೆ ನಿಲ್ಲುತ್ತಿತ್ತು. ವರ್ತಕನು ತನ್ನ ಲಾಭವನ್ನು ಹೆಚ್ಚಿದ ಬೆಲೆಯ ಮೇಲೆಯೇ ಲೆಕ್ಕಹಾಕುವನು. ಸ್ವದೇಶದಲ್ಲಿ ಬದಲಿ ಸರಕಿಲ್ಲದಿರುವಾಗ ಕೊಳ್ಳುವವನಿಗೆ ಬೇರೆ ದಾರಿಯಿಲ್ಲ. ಇಡೀ ಹೊರೆ ಅವನ ತಲೆಯ ಮೇಲೆ ಬೀಳುತ್ತದೆ.

ಕೊಳ್ಳುವವನು ರೋಗಿಯಾದರೆ ಈ ಹೊರೆಯು ಪ್ರಾಣಕ್ಕೇ ಬರುತ್ತದೆ. ಅರ್ಬುದ ರೋಗಕ್ಕೆ ಕೊಡುವ ಕೆಲವು ಹೊಸ ಔಷಧಗಳು ಪೇಟೆಂಟಿನ ರಕ್ಷೆಯಲ್ಲಿದ್ದು ಹೊರದೇಶಗಳಿಂದಲೇ ಬರಬೇಕಾಗಿವೆ. ಒಂದು ತಿಂಗಳ ಔಷಧಕ್ಕೆ ಲಕ್ಷಾಂತರ ರೂಪಾಯಿಗಳನ್ನು ಹೊಂದಿಸಲು ಒಡವೆ ಅಡವಿಡುವ, ಹೊಲ ಮಾರುವ ಸಂಸಾರಗಳು ನಮ್ಮ ನಿಮ್ಮ ನೆರೆಯಲ್ಲಿಯೇ ಇವೆ. ಅಂಥ ಔಷಧದ ಮೇಲೆ ಸುಂಕವನ್ನು ಕೂಡಿಸಿ ಸರ್ಕಾರವು ಯಾರನ್ನು ರಕ್ಷಿಸಿದಂತಾಯಿತು? 2024ರ ಜುಲೈ ಬಜೆಟ್ಟಿನಲ್ಲಿ ಅರ್ಬುದ ರೋಗದ ಮೂರು ಔಷಧಗಳಿಗೂ, 2025ರ ಬಜೆಟ್ಟಿನಲ್ಲಿ ಅರ್ಬುದವೂ ಸೇರಿದಂತೆ ಕಠಿನ ರೋಗಗಳ 36 ಜೀವರಕ್ಷಕ ಔಷಧಗಳಿಗೂ ಸುಂಕದಿಂದ ಪೂರ್ಣ ವಿನಾಯಿತಿ ದೊರೆಯಿತು. ಇದು ಸ್ತುತ್ಯವಾದ ಕೆಲಸ. ಆದರೆ ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯುವ ಶಕ್ತಿ ರೋಗಕ್ಕಿಲ್ಲ. ನಿಯಮವು ತಲೆಕೆಳಗಾಗಿರಬೇಕೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ತಯಾರಾಗದುದಕ್ಕೆ ಸುಂಕವಿಲ್ಲವೆಂಬುದೇ ಸಾಮಾನ್ಯ ನಿಯಮವಾಗಬೇಕು. ಸುಂಕ ಬೇಕೆನ್ನುವವರೇ ಕಾರಣವನ್ನು ತೋರಿಸಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷದ ಮಾತನ್ನೂ ಕೇಳದಿದ್ದರೆ ನ್ಯಾಯವಾಗದು. "ನಮ್ಮಲ್ಲಿ ತಯಾರಾಗದುದು" ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ಇಲ್ಲಿ ಆ ವಸ್ತುವೂ ಇಲ್ಲ, ಅದರ ಬದಲಿಯೂ ಇಲ್ಲ ಎಂಬುದು ಒಂದರ್ಥ. ಆ ದರ್ಜೆಯದು ಇಲ್ಲ, ಆದರೆ ಅದರ ಒಡಹುಟ್ಟು ಇದೆ ಎಂಬುದು ಎರಡನೆಯದು. ಇಂದು ಇಲ್ಲ, ನಾಳೆ ಆದೀತು ಎಂಬುದು ಮೂರನೆಯದು.

ಎರಡನೆಯ ಅರ್ಥದಲ್ಲಿರುವ ಅಪಾಯವನ್ನು ನಮ್ಮ ಮೈಸೂರು ಸೀಮೆಯ ರೇಷ್ಮೆಯವರು ಚೆನ್ನಾಗಿ ಬಲ್ಲರು. 1930ರ ದಶಕದ ಆರಂಭದಲ್ಲಿ ಜಪಾನು ಚೀನಾಗಳ ಅಗ್ಗದ ರೇಷ್ಮೆ ಬಂದು ಬಿದ್ದು ಇಲ್ಲಿಯ ಕಸುಬು ಕುಗ್ಗಿಹೋಗಿ, 1934ರಲ್ಲಿ ರಕ್ಷಕ ಸುಂಕವನ್ನು ಹಾಕಬೇಕಾಯಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಸುಂಕವು ಒಮ್ಮೆಗೇ ಶೇಕಡಾ 30ರಿಂದ 5ಕ್ಕೆ ಇಳಿಯಿತು. ನೇಕಾರರ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ವಿದ್ಯುತ್ ಮಗ್ಗದ ಹಾಸಿಗೆ ಬೇಕಾದ ಸಮನಾದ, ಗಟ್ಟಿಯಾದ ದ್ವಿತಳಿ ರೇಷ್ಮೆಯ ನೂಲು ಸ್ವದೇಶದಲ್ಲಿ ಸಾಲದಾಗಿತ್ತು. ನಮ್ಮ ರೈತರು ಹೆಚ್ಚಾಗಿ ಬೆಳೆಯುತ್ತಿದ್ದುದು ಮಿಶ್ರತಳಿಯ ಗೂಡನ್ನು. ಆದರೆ ನೂಲಿನ ದರ್ಜೆ ಬೇರೆಯಾದರೂ ಮಾರುಕಟ್ಟೆ ಒಂದೇ. ಹೊರಗಿನ ನೂಲು ಅಗ್ಗವಾದೊಡನೆ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. ಹಿಪ್ಪುನೇರಳೆಯ ತೋಟವನ್ನು ಬಜೆಟ್ಟಿನ ಮರುದಿನವೇ ಕಿತ್ತು ಬೇರೊಂದನ್ನು ಬೆಳೆಯಲಾದೀತೆ? 2013ರಲ್ಲಿ ಸುಂಕವನ್ನು ಮತ್ತೆ ಶೇಕಡಾ 15ಕ್ಕೆ ಏರಿಸಿದರು. ಆದುದರಿಂದ ಆ ಹೆಸರಿನ ಸರಕು ಇಲ್ಲಿದೆಯೆ ಎಂದು ಕೇಳಿದರೆ ಸಾಲದು. ಅದು ಬಂದರೆ ಇಲ್ಲಿ ಯಾರ ಸರಕು ಮೂಲೆಗೆ ಬೀಳುತ್ತದೆ ಎಂದೂ ಕೇಳಬೇಕು.

ಮೂರನೆಯ ಅರ್ಥವನ್ನು ಹಿಡಿದವರು, ಸುಂಕ ಹಾಕಿದರೆ ಕಾರ್ಖಾನೆ ತಾನಾಗಿಯೇ ಹುಟ್ಟುವುದೆನ್ನುತ್ತಾರೆ. ಕೆಲವು ವೇಳೆ ಇದು ನಿಜವಾಗಬಹುದು. 2017ರಲ್ಲಿ ಮೊಬೈಲ್ ಫೋನಿನ ಮೇಲೆ ಸುಂಕವನ್ನು ಹಾಕಿ, 2018ರಲ್ಲಿ ಅದನ್ನು ಶೇಕಡಾ 20ಕ್ಕೆ ಏರಿಸಿದ ಕಾಲದಲ್ಲಿ, ಫೋನುಗಳನ್ನು ಜೋಡಿಸುವ ಕೆಲಸ ನಮ್ಮ ದೇಶದಲ್ಲಿ ಬಹಳ ಬೆಳೆಯಿತು. ಆದರೆ ಇಲ್ಲಿ ತಯಾರಾಗದ ಬಿಡಿಭಾಗಗಳ ಮೇಲೂ ಸುಂಕವಿದ್ದರೆ, ಜೋಡಿಸುವವನಿಗೆ ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಗುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಫೋನಿನ ಸುಂಕವನ್ನು 15ಕ್ಕೆ ಇಳಿಸಿದರು. ಇಲ್ಲಿ ಸಾಕಷ್ಟು ದೊರೆಯದ 25 ಮುಖ್ಯ ಖನಿಜಗಳಿಗೆ ಅದೇ ಬಜೆಟ್ಟಿನಲ್ಲಿ ಸುಂಕವನ್ನು ಬಿಟ್ಟರು. ಕಾರ್ಖಾನೆಯ ತಳಹದಿಯೇ ಬೀಳದಿರುವಾಗ ಅದರ ಹೆಸರಿನಲ್ಲಿ ಸುಂಕ ಎತ್ತುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅಷ್ಟೇ ಅಲ್ಲ, ಕುಲಾವಿಯ ಬೆಲೆಯನ್ನು ನೆರೆಯವರಿಂದ ವಸೂಲುಮಾಡಿದಂತೆ.

ಬೇರೆ ದೇಶಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆ? ಸ್ವಿಟ್ಜರ್ಲೆಂಡು 2024ರ ಜನವರಿ 1ರಿಂದ ಕೈಗಾರಿಕೆಯ ಸರಕುಗಳ ಮೇಲಣ ಸುಂಕವನ್ನು ಪೂರ್ತಿಯಾಗಿ ತೆಗೆದುಹಾಕಿತು. ಬೇಸಾಯದ ಪದಾರ್ಥಗಳ ಸುಂಕವನ್ನು ಮಾತ್ರ ಉಳಿಸಿಕೊಂಡಿತು. ನಮ್ಮಂಥ ವಿಶಾಲ ದೇಶಕ್ಕೆ ಅದು ಹೊಂದದಿರಬಹುದು. ಆಸ್ಟ್ರೇಲಿಯದ ಕ್ರಮವು ನಮಗೆ ಹೆಚ್ಚು ಹತ್ತಿರವಾದುದು. ಅಲ್ಲಿ ಒಂದು ಸರಕಿಗೆ ಸ್ವದೇಶದ ಬದಲಿಯಿಲ್ಲವೆಂದು ತೋರಿಸಿದವರು ಸುಂಕದ ವಿನಾಯಿತಿಯನ್ನು ಕೇಳಬಹುದು. ಆ ಅರ್ಜಿಯನ್ನು ಗೆಜೆಟ್ಟಿನಲ್ಲಿ ಪ್ರಕಟಿಸುತ್ತಾರೆ. ಬದಲಿ ಸರಕನ್ನು ತಾನು ತಯಾರಿಸುತ್ತೇನೆನ್ನುವವನು ಮುಂದೆ ಬಂದು ಆಕ್ಷೇಪಣೆ ಸಲ್ಲಿಸಬಹುದು. ಹೀಗೆ "ಇಲ್ಲ" ಎಂಬ ಮಾತು ಎಲ್ಲರೆದುರಿಗೆ ಪರೀಕ್ಷೆಗೆ ಒಳಗಾಗುತ್ತದೆ. ನಮ್ಮಲ್ಲಿಯೂ 1923ರಲ್ಲಿ ಏರ್ಪಟ್ಟ ಟ್ಯಾರಿಫ್ ಬೋರ್ಡು ಸಾಕ್ಷಿಗಳನ್ನು ವಿಚಾರಿಸಿ ವರದಿಗಳನ್ನು ಪ್ರಕಟಿಸುತ್ತಿತ್ತು. ಆ ಸಂಪ್ರದಾಯವು ಅನುಸರಿಸತಕ್ಕದ್ದು.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. 2021ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಷರತ್ತಿಗೊಳಪಟ್ಟ ಸುಂಕದ ವಿನಾಯಿತಿಗಳಿಗೆ ಸಾಮಾನ್ಯವಾಗಿ ಸುಮಾರು ಎರಡು ವರ್ಷಗಳ ಅವಧಿ ಗೊತ್ತುಮಾಡಲಾಯಿತು. ವಿನಾಯಿತಿಯನ್ನು ಆಗಾಗ ಪರೀಕ್ಷಿಸುವುದು ಒಳ್ಳೆಯದೇ. ಆದರೆ ಸುಂಕಕ್ಕೆ ಅಂಥ ಅವಧಿಯಿಲ್ಲ. ವಿನಾಯಿತಿಯು ಅಲ್ಪಾಯು, ಸುಂಕವು ಚಿರಂಜೀವಿ ಎಂದಾದರೆ ತಕ್ಕಡಿಯ ಒಂದು ತಟ್ಟೆಯನ್ನು ಮೊದಲೇ ಕೆಳಗೆ ಒತ್ತಿಹಿಡಿದಂತಾಗಲಿಲ್ಲವೆ? ಉದ್ಯಮ ಹುಟ್ಟಲೆಂದು ಹಾಕಿದ ಸುಂಕಕ್ಕೂ ಗೊತ್ತಾದ ಗಡುವು ಇರಬೇಕು. ಗಡುವಿನೊಳಗೆ ಉದ್ಯಮ ಹುಟ್ಟದಿದ್ದರೆ ಸುಂಕವು ತಾನಾಗಿಯೇ ಬಿದ್ದುಹೋಗಬೇಕು.

ಆದುದರಿಂದ ನಮ್ಮ ಉತ್ತರವಿಷ್ಟು: ವಸ್ತುವೂ ಅದರ ಬದಲಿಯೂ ಇಲ್ಲಿಲ್ಲವೆಂದು ಬಹಿರಂಗ ವಿಚಾರಣೆಯಲ್ಲಿ ಸಿದ್ಧವಾದ ಕಡೆ ಸುಂಕವನ್ನು ತೆಗೆದುಹಾಕತಕ್ಕದ್ದು. ಬದಲಿಯನ್ನು ಬೆಳೆಯುವ ರೈತನೋ ತಯಾರಿಸುವ ಕೆಲಸಗಾರನೋ ಇರುವ ಕಡೆ ಅವನನ್ನು ಕೇಳದೆ ಕೈಹಾಕಬಾರದು. ಇಳಿಸಲೇಬೇಕಾದರೂ ಮೆಟ್ಟಿಲು ಮೆಟ್ಟಿಲಾಗಿ, ಅವನಿಗೆ ಹೊಸ ತಳಿಯನ್ನೂ ಹೊಸ ಯಂತ್ರವನ್ನೂ ಒದಗಿಸುತ್ತ ಇಳಿಸಬೇಕು. ಪ್ರತಿ ವರ್ಷವೂ ಬಜೆಟ್ಟಿನ ದಿನ ಯಾವುದರ ಬೆಲೆ ಏರಿತು, ಯಾವುದರ ಬೆಲೆ ಇಳಿಯಿತು ಎಂದು ವಿದ್ಯಾವಂತರಾದ ನಾವು ಕುತೂಹಲದಿಂದ ವಿಚಾರಿಸುತ್ತೇವೆ. ಇನ್ನು ಮೇಲೆ, ಏರಿದ ಸುಂಕದ ಬೇಲಿಯೊಳಗೆ ಬೆಳೆ ಇದೆಯೆ, ಇಳಿಸಿದ ಸುಂಕದಿಂದ ಬಯಲಿಗೆ ಬಿದ್ದ ಬೆಳೆ ಯಾರದು, ಎಂಬ ಎರಡು ಪ್ರಶ್ನೆಗಳನ್ನೂ ಅದರ ಜೊತೆಗೆ ಕೇಳುವುದನ್ನು ರೂಢಿಮಾಡಿಕೊಂಡರೆ, ಸುಂಕದವನೂ ಸುಖದುಃಖವನ್ನು ಕೇಳಿಸಿಕೊಳ್ಳುವ ಕಾಲ ಬಂದೀತು.