ಅಡವಿಟ್ಟದ್ದು ಬಂಗಾರ, ಬಡ್ಡಿ ತೆತ್ತದ್ದು ಗಂಜಿಯ ಬಟ್ಟಲು
(ಬೆಳುವಾಯಿಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ದೇಶದ ಹಣಕಾಸಿನ ಬಿಕ್ಕಟ್ಟು ಅಂದ ಕೂಡಲೇ ಅದು ದಿಲ್ಲಿಯವರ ವಿಷಯ, ನಮಗೆಂತಕ್ಕೆ ಅಂತ ನಮ್ಮವರು ಎದ್ದು ಹೋಗುವುದುಂಟು. ಎದ್ದು ಹೋಗಬಾರದು. ಬಿಕ್ಕಟ್ಟು ದಿಲ್ಲಿಯಲ್ಲಿ ಹುಟ್ಟಬಹುದು. ಅದರ ಲೆಕ್ಕ ಚುಕ್ತಾ ಆಗುವುದು ಬೀಡಿ ಕಟ್ಟುವವಳ ಅಡುಗೆಮನೆಯಲ್ಲಿ.

1991ನ್ನು ನೆನಪಿಸಿಕೊಳ್ಳಿ. ಅದರ ಹಿಂದಿನ ವರ್ಷ ಇರಾಕ್ ಕುವೈತನ್ನು ನುಂಗಿತು. ಎಣ್ಣೆಯ ಬೆಲೆ ಏರಿತು. ಕೊಲ್ಲಿಯಿಂದ ಬರುತ್ತಿದ್ದ ಹಣಕ್ಕೆ ಪೆಟ್ಟು ಬಿತ್ತು. ಕುವೈತಿನಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಬರಿಗೈಯಲ್ಲಿ ವಾಪಸು ಬಂದರು. ಸರ್ಕಾರ ಎಂಬತ್ತರ ದಶಕವಿಡೀ ಸಾಲ ಮಾಡಿ ಖರ್ಚು ಮಾಡಿತ್ತು. ಕೊನೆಗೆ ಖಜಾನೆಯಲ್ಲಿ ಉಳಿದ ಡಾಲರು ಎರಡು ಮೂರು ವಾರದ ಆಮದಿಗೆ ಮಾತ್ರ ಸಾಕಾಗುವಷ್ಟು. ಮೇ ತಿಂಗಳಲ್ಲಿ 20 ಟನ್ ಬಂಗಾರ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈಯಲ್ಲಿ 47 ಟನ್ ಇಂಗ್ಲೆಂಡು, ಜಪಾನಿನ ಬ್ಯಾಂಕುಗಳಿಗೆ ಅಡವು ಬಿತ್ತು. ಅದೇ ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆ ಇಳಿಸಿದರು. 21 ರೂಪಾಯಿಗೆ ಸಿಗುತ್ತಿದ್ದ ಡಾಲರು ಸುಮಾರು 26 ಆಯಿತು. ಆಗಸ್ಟಿಗೆ ಬೆಲೆಯೇರಿಕೆ ನೂರಕ್ಕೆ 16 ದಾಟಿತ್ತು.

ಬಂಗಾರದ ಅಡವು ಬೇಗನೇ ಬಿಡಿಸಿದರು. ನಮ್ಮ ಅಡವು? ರೇಶನ್ ಅಕ್ಕಿಯ ಲೆಕ್ಕ ನೋಡಿ. ಕೇಂದ್ರ ಸರ್ಕಾರ ಸಾಧಾರಣ ಅಕ್ಕಿಯನ್ನು 1990ರಲ್ಲಿ ಕ್ವಿಂಟಾಲಿಗೆ 289 ರೂಪಾಯಿಗೆ ಕೊಡುತ್ತಿತ್ತು. 1991ರ ಡಿಸೆಂಬರಿಗೆ 377, 1994ರಲ್ಲಿ 537. ಸಬ್ಸಿಡಿ ಉಳಿಸಿದೆವು ಅಂತ ಪುಸ್ತಕದಲ್ಲಿ ಬರೆದುಕೊಂಡರು. ಆ ಉಳಿತಾಯ ಯಾರ ಬಟ್ಟಲಿನಿಂದ ಎತ್ತಿದ್ದು?

ಇದನ್ನು ಬಾಬಾಸಾಹೇಬರು ಬಹಳ ಮೊದಲೇ ಕಂಡಿದ್ದರು. 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಅವರು ಬರೆದ ಗ್ರಂಥ ಪ್ರಕಟವಾಯಿತು. ರೂಪಾಯಿ ಇಳಿದಾಗ ವ್ಯಾಪಾರಿಗೆ ಬರುವ ಲಾಭ ಹೊರಗಿನಿಂದ ಬಂದದ್ದಲ್ಲ, ಒಳಗಿನ ಒಂದು ವರ್ಗದಿಂದ ಕಿತ್ತು ಇನ್ನೊಂದು ವರ್ಗಕ್ಕೆ ಕೊಟ್ಟದ್ದು ಅಂತ ಅವರ ವಾದ. ಸಾಮಾನಿನ ಬೆಲೆ ಓಡುತ್ತದೆ, ಕೂಲಿ ಕುಂಟುತ್ತದೆ. ನಡುವಿನ ಅಂತರವೇ ಲಾಭ. ನಮ್ಮವರು ಇದನ್ನು ಓದಿ ಕಲಿಯಬೇಕಾಗಿಲ್ಲ, ಉಂಡು ಕಲಿತಿದ್ದಾರೆ.

ಇದು ನಮ್ಮ ದೇಶದ್ದು ಮಾತ್ರ ಅಲ್ಲ. 1997ರಲ್ಲಿ ಥಾಯ್ಲೆಂಡಿನ ಹಣ ಕುಸಿಯಿತು, ಬೆಂಕಿ ಇಂಡೋನೇಷ್ಯಾಕ್ಕೆ ಹಬ್ಬಿತು. 2022ರಲ್ಲಿ ಶ್ರೀಲಂಕಾ ಹೊರಗಿನ ಸಾಲ ಕಟ್ಟಲಾರೆ ಅಂತ ಕೈಯೆತ್ತಿತು. ಸಾಲಕ್ಕೆ ಸಹಿ ಹಾಕಿದವರು ಬೇರೆ, ಗ್ಯಾಸಿಗೆ ಸಾಲು ನಿಂತವರು ಬೇರೆ.

ಹಾಗಾದರೆ 1991ರ ನಂತರ ಬೆಳವಣಿಗೆ ಆಗಲೇ ಇಲ್ಲವೇ? ಆಗಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ನಮ್ಮ ದಕ್ಷಿಣ ಕನ್ನಡ ತಲಾ ಆದಾಯದಲ್ಲಿ ರಾಜ್ಯದ ಮುಂಚೂಣಿಯಲ್ಲಿ ಉಂಟು. ಆದರೆ ತಲಾ ಆದಾಯ ಅಂದರೆ ಎಂತ? ಧಣಿಯ ತೋಟವನ್ನೂ ಕೊರಗರ ಬುಟ್ಟಿಯನ್ನೂ ಕೂಡಿಸಿ ತಲೆಗೆ ಭಾಗಿಸಿದ ಲೆಕ್ಕ. ಭಾಗಾಕಾರ ಕಾಗದದಲ್ಲಿ ಮಾತ್ರ ಆಯ್ತು, ಅಂಗಳದಲ್ಲಿ ಆಗಲಿಲ್ಲ.

ಯಾಕೆ ಆಗಲಿಲ್ಲ? ಬೆಳವಣಿಗೆಯ ಬಸ್ಸಿಗೆ ಹತ್ತಲು ಟಿಕೇಟು ಬೇಕು. ಒಂದು ಟಿಕೇಟು ಭೂಮಿ. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಒಳ್ಳೆಯದೇ ಆಯ್ತು. ಆದರೆ ಗೇಣಿ ಚೀಟಿಯೂ ಇಲ್ಲದೆ ಗದ್ದೆಯಲ್ಲಿ ದುಡಿದ ನಮ್ಮ ಹೆಚ್ಚಿನವರಿಗೆ ಡಿಕ್ಲರೇಷನ್ ಕೊಡಲು ಎಂತ ಇತ್ತು? ದಲಿತರಿಗೆಂದೇ ಕಾದಿಟ್ಟ ಡಿ.ಸಿ. ಮನ್ನಾ ಭೂಮಿ ಈ ಜಿಲ್ಲೆಯಲ್ಲಿ ಉಂಟು. ಕಡತದಲ್ಲಿ ಉಂಟು, ಎಷ್ಟೋ ಕಡೆ ಕೈಯಲ್ಲಿ ಇಲ್ಲ.

ಇನ್ನೊಂದು ಟಿಕೇಟು ಬ್ಯಾಂಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ — ಎಲ್ಲ ಈ ಕರಾವಳಿಯಲ್ಲೇ ಹುಟ್ಟಿದವು. 1969 ಮತ್ತು 1980ರಲ್ಲಿ ಸರ್ಕಾರದ್ದಾದವು. ಹಳ್ಳಿಗಳಿಗೆ ಶಾಖೆ ಬಂತು. 1972ರಲ್ಲಿ ತೀರಾ ಬಡವರಿಗೆ ನೂರಕ್ಕೆ 4ರ ಬಡ್ಡಿಯ ಸಾಲ ಬಂತು. ಅದರಲ್ಲಿ ನೂರಕ್ಕೆ 40 ಪಾಲು ಪರಿಶಿಷ್ಟರಿಗೆ ಅಂತ ನಿಯಮ. 1991ರ ನಂತರ ಬ್ಯಾಂಕಿನ ಕಣ್ಣು ಲಾಭದ ಕಡೆ ತಿರುಗಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಹೆಸರು ಹೋದದ್ದಕ್ಕೆ ಜಿಲ್ಲೆಯ ದೊಡ್ಡವರು ಅತ್ತರು. ಆ ಬ್ಯಾಂಕುಗಳಿಂದ ದಲಿತ ಕೇರಿಗೆ ಎಷ್ಟು ಸಾಲ ಬಂದಿತ್ತು ಅಂತ ಕೇಳಿದವರು ಎಷ್ಟು ಜನ?

ಮೂರನೆಯ ಟಿಕೇಟು ನೌಕರಿ. ಸರ್ಕಾರಿ ಕಂಪೆನಿ ಖಾಸಗಿಯಾದ ದಿನ ಮೀಸಲಾತಿ ಬಾಗಿಲ ಹೊರಗೆ ನಿಲ್ಲುತ್ತದೆ.

ಬಂಧುಗಳೇ, ಬರೀ ಬೈದು ಮನೆಗೆ ಹೋದರೆ ಆಗಲಿಕ್ಕಿಲ್ಲ. ನಾವು ಮಾಡಬೇಕಾದ ಕೆಲಸ ಉಂಟು.

ಒಂದು: ನಮ್ಮ ಗ್ರಾಮದ ಡಿ.ಸಿ. ಮನ್ನಾ ಸರ್ವೆ ನಂಬರು ಯಾವುವು, ಈಗ ಯಾರ ಸ್ವಾಧೀನದಲ್ಲಿ ಉಂಟು, ಲಿಖಿತವಾಗಿ ಕೇಳುವುದು.

ಎರಡು: ಬ್ಯಾಂಕುಗಳ ಸಾಲದಲ್ಲಿ ನೂರಕ್ಕೆ 12 ದುರ್ಬಲ ವರ್ಗಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕಿನ ಗುರಿ ಉಂಟು. ನಮ್ಮವರ ಅರ್ಜಿ ತಿರಸ್ಕಾರವಾದರೆ ಬಾಯಿಮಾತಿಗೆ ಒಪ್ಪದೆ ಕಾರಣವನ್ನು ಬರಹದಲ್ಲಿ ಕೇಳುವುದು.

ಮೂರು: 2013ರ ಕಾನೂನಿನ ಪ್ರಕಾರ ರಾಜ್ಯದ ಅಭಿವೃದ್ಧಿ ಹಣದಲ್ಲಿ ನೂರಕ್ಕೆ 24.1 ಪಾಲು ನಮ್ಮದು. ಊರಿಗೆಲ್ಲ ಆಗುವ ರಸ್ತೆ, ಸೇತುವೆಯನ್ನೂ ನಮ್ಮ ಲೆಕ್ಕಕ್ಕೆ ಬರೆಯಲು ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ಅದು ಹೋರಾಟದ ಫಲ. ಆದರೆ ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ತೆರೆಯುವವರಿದ್ದಾರೆ. ಪಂಚಾಯತಿನಲ್ಲಿ ಕೂತು ವರ್ಷವರ್ಷ ಲೆಕ್ಕ ಕೇಳುವುದು.

ಮತ್ತೊಂದು ಬಿಕ್ಕಟ್ಟು ಬಂದೇ ಬರುತ್ತದೆ. ಆಗ ತ್ಯಾಗ ಮಾಡಿ ಅಂತ ಮೊದಲು ನಮ್ಮನ್ನೇ ಕೇಳುತ್ತಾರೆ. ತ್ಯಾಗ ಮಾಡಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಲ್ಲ? ಮೊದಲು ನಮ್ಮ ಪಾಲು ಕೊಡಿ. ತ್ಯಾಗದ ಮಾತು ಆಮೇಲೆ.

ಜೈ ಭೀಮ್.