ಮಗು ಕೇಳಲಿ ಅಂತ ಕಾಯುವ ಹಬ್ಬ



ಇವತ್ತು ನಾವು ಯಹೂದಿ ಜನರ ಒಂದು ಹಬ್ಬದ ಮಾತು ಆಡೋಣ. ಹಬ್ಬದ ಹೆಸರು ಪೆಸಾಹ್. ಮಾರ್ಚ್ ಇಲ್ಲವೇ ಏಪ್ರಿಲ್ ತಿಂಗಳ ಹುಣ್ಣಿಮೆ ರಾತ್ರಿ ಇದು ಶುರುವಾಗುತ್ತೆ.

ಹಿಂದೆ ಯಹೂದಿಗಳ ಪೂರ್ವಿಕರು ಈಜಿಪ್ಟ್ ದೇಶದಲ್ಲಿ ಅರಸನ ಜೀತದಾಳುಗಳಾಗಿದ್ದರು ಎಂದು ಅವರ ಧರ್ಮಗ್ರಂಥ ಹೇಳುತ್ತದೆ. ಇಟ್ಟಿಗೆ ಮಾಡುವುದು, ಗೋಡೆ ಕಟ್ಟುವುದು ಅವರ ಪಾಡು. ಮೋಶೆ ಎಂಬ ಮುಂದಾಳು ಅವರನ್ನು ಬಿಡಿಸಿಕೊಂಡು ಬಂದ. ಹೊರಡುವ ಅವಸರ. ನಾದಿದ ಹಿಟ್ಟು ಹುಳಿ ಬರುವ ತನಕ ಕಾಯೋಕೆ ಪುರುಸೊತ್ತು ಎಲ್ಲಿ? ಹಾಗೇ ಸುಟ್ಟು ತಿಂದರು. ಅದಕ್ಕೇ ಈ ಹಬ್ಬದಲ್ಲಿ ಹುಳಿ ಬಂದ ರೊಟ್ಟಿ ಮನೆಯಲ್ಲೇ ಇರಬಾರದು. ಹಿಂದಿನ ರಾತ್ರಿ ಮಕ್ಕಳು ಮೇಣದಬತ್ತಿ ಹಿಡಿದು ಮೂಲೆ ಮೂಲೆಯಲ್ಲಿ ರೊಟ್ಟಿಯ ಚೂರು ಹುಡುಕುತ್ತಾರೆ. ಮಕ್ಕಳಿಗೆ ಸಿಗಲಿ ಅಂತ ದೊಡ್ಡವರೇ ಒಂದಷ್ಟು ಚೂರು ಬಚ್ಚಿಟ್ಟಿರುತ್ತಾರೆ!

ಇಷ್ಟೇ ಅಲ್ಲ. ಮಕ್ಕಳು ಓದನ್ನೂ ತಯಾರು ಮಾಡಿಕೊಳ್ಳಬೇಕು. ಹಬ್ಬದ ರಾತ್ರಿ ಮನೆಮಂದಿ ಕೂತು ಓದುವ ಪುಸ್ತಕ ಇರುವುದು ಹೀಬ್ರೂ ಭಾಷೆಯಲ್ಲಿ. ಇಸ್ರೇಲ್ ದೇಶದ ಬಹಳ ಮಕ್ಕಳಿಗೆ ಅದು ಮನೆಮಾತು. ಬೇರೆ ದೇಶಗಳ ಯಹೂದಿ ಮಕ್ಕಳಿಗೆ ಸಾಮಾನ್ಯವಾಗಿ ಹಾಗಲ್ಲ. ಅವರು ಅಕ್ಷರದಿಂದಲೇ ಶುರು ಮಾಡಬೇಕು.

ಹೀಬ್ರೂವಿನಲ್ಲಿ 22 ಅಕ್ಷರ. ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಓದಬೇಕು. ನಮ್ಮ ಕಾಗುಣಿತ ಇದೆಯಲ್ಲ, ಹಾಗೆ ಅವರಿಗೂ ಇದೆ. ಅಕ್ಷರದ ಕೆಳಗೋ ಮೇಲೋ ಚುಕ್ಕಿ, ಗೆರೆ ಹಾಕುತ್ತಾರೆ. ದಾಲೆತ್, ರೇಶ್ ಎಂಬ ಎರಡು ಅಕ್ಷರ ನೋಡಲು ಹೆಚ್ಚು ಕಡಿಮೆ ಒಂದೇ ಥರ. ನಮಗೆ ಪ, ಷ ತೊಡಕಾಗಲಿಲ್ಲವೇ? ಆ ಮಕ್ಕಳೂ ಹಾಗೇ ತಡವರಿಸುತ್ತಾರೆ.

ಹಬ್ಬದ ರಾತ್ರಿ ಬಂತು. ಮೇಜಿನ ಮೇಲೆ ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಉಪ್ಪುನೀರು. ಕಹಿ ಯಾಕೆ? ಜೀತದ ನೆನಪಿಗೆ. ಉಪ್ಪುನೀರು ಕಣ್ಣೀರಿನ ನೆನಪಿಗೆ. ಊಟಕ್ಕೆ ಮುಂಚೆ ಮನೆಯ ಎಲ್ಲರಿಗಿಂತ ಚಿಕ್ಕ ಮಗು ಕೇಳಬೇಕು. ಈ ರಾತ್ರಿಗೂ ಬೇರೆ ರಾತ್ರಿಗಳಿಗೂ ಏನು ವ್ಯತ್ಯಾಸ ಅಂತ. ಅದಾದ ಮೇಲೇ ಹಿರಿಯರು ಬಿಡುಗಡೆಯ ಕಥೆ ಹೇಳುವುದು. ನಮಗೆ ತುಂಬ ಹಿಡಿಸಿದ್ದು ಇದೇ. ಎಷ್ಟೋ ಮನೆಗಳಲ್ಲಿ ಮಕ್ಕಳು ಪ್ರಶ್ನೆ ಕೇಳಿದರೆ ಸುಮ್ಮನಿರು ಅಂತಾರೆ. ಇಲ್ಲಿ ಮಗು ಕೇಳಲಿ ಅಂತ ಅಜ್ಜ ಅಜ್ಜಿ ಹಸಿದು ಕೂತಿರುತ್ತಾರೆ.

ಮನೆಯಲ್ಲಿ ಮಕ್ಕಳೇ ಇಲ್ಲದಿದ್ದರೆ? ಹೆಂಡತಿ ಕೇಳಬೇಕು. ಒಬ್ಬಂಟಿ ಆಗಿದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಪ್ರಶ್ನೆ ಮಾತ್ರ ಬಿಡುವ ಹಾಗಿಲ್ಲ.

ಆ ಪುಸ್ತಕದಲ್ಲಿ ಅಕಿವಾ ಎಂಬ ಗುರುವಿನ ಹೆಸರು ಬರುತ್ತದೆ. ಸುಮಾರು 1900 ವರ್ಷ ಹಿಂದಿನವರು. ಅವರು ಕುರಿ ಕಾಯುತ್ತಿದ್ದರಂತೆ. 40 ವರ್ಷದ ತನಕ ಅಕ್ಷರ ಗೊತ್ತಿರಲಿಲ್ಲ. ಒಂದು ದಿನ ನೀರು ಬಿದ್ದು ಬಿದ್ದು ಸವೆದ ಕಲ್ಲನ್ನು ನೋಡಿದರು. ಕಲ್ಲೇ ಸವೆದ ಮೇಲೆ ನನ್ನ ತಲೆಗೆ ಓದು ಹತ್ತದೇ ಇರುತ್ತದೆಯೇ ಅಂದುಕೊಂಡರು. ಮಗನ ಕೈ ಹಿಡಿದು ಮಕ್ಕಳ ಮೇಷ್ಟರ ಹತ್ತಿರ ಹೋದರು. ಸ್ಲೇಟಿನ ಹಾಗಿನ ಒಂದು ಹಲಗೆ. ಅದರ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ಮಗನ ಕೈಯಲ್ಲಿ. ಹೀಗೆ ಕಲಿತರು ಎಂದು ಕಥೆ.

ಯಹೂದಿಗಳು ನಮ್ಮ ದೇಶದಲ್ಲೂ ಇದ್ದಾರೆ. ಕೊಂಕಣದಲ್ಲಿ ಗಾಣದ ಎಣ್ಣೆ ತೆಗೆದು ಬಾಳಿದವರು ಬೆನೆ ಇಸ್ರೇಲರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಊರವರು ಅವರನ್ನು ಶನಿವಾರದ ತೇಲಿಗಳು ಎಂದು ಕರೆದರು. ತೇಲಿ ಅಂದರೆ ಗಾಣಿಗ. ಮನೆಮಾತು ಮರಾಠಿ. ಹೀಬ್ರೂ ಅವರಿಗೆ ಮರೆತೇ ಹೋಗಿತ್ತು. 1846ರಲ್ಲಿ ಮುಂಬಯಿಯಲ್ಲಿ ಈ ಹಬ್ಬದ ಪುಸ್ತಕ ಹೀಬ್ರೂ, ಮರಾಠಿ ಎರಡರಲ್ಲೂ ಅಚ್ಚಾಯಿತು. ಕಥೆ ಮನೆಮಾತಿನಲ್ಲೇ ಸಿಕ್ಕಿತು. 1874ರಲ್ಲಿ ಪುಣೆಯಲ್ಲಿ ಇನ್ನೊಂದು ಬಂತು. ಅದರಲ್ಲಿ ಒಂದು ಚಿತ್ರವಿದೆ. ಸೀರೆ ಉಟ್ಟ ಹೆಂಗಸರು ಹಬ್ಬದ ರೊಟ್ಟಿ ಮಾಡುತ್ತಿದ್ದಾರೆ.